ಗವರ್ನರ್ ಬರ್ತೈತಿ

ಸೂಗಪ್ಪನವರು ಹೈದರಾಬಾದ್ ಹತ್ತಿರದ ಪಟಾನ್‌ಚೆರುವಿನ ಔಷಧ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದರು ಎಂಬುದು ನಿಜ. ಆದರೆ ಅಲ್ಲಿ ಅವರು ನೋಡಿಕೊಳ್ಳುತ್ತಿದ್ದದ್ದು ಕ್ಯಾಂಟೀನಿನ ದಿನಸಿ. ತೊಗರಿಬೇಳೆ ಎಷ್ಟು ಬಂತು, ಹುಣಸೆಹಣ್ಣು ಎಷ್ಟು ಹೋಯಿತು, ಬೆಲ್ಲಕ್ಕೆ ಇರುವೆ ಹೇಗೆ ಹತ್ತಿತು ಎಂಬ ವಿಷಯಗಳಲ್ಲಿ ಅವರನ್ನು ಮೀರಿಸುವವರಿರಲಿಲ್ಲ. ಕಾರ್ಖಾನೆಯವರು ಎಲ್ಲರಿಗೂ ಕೊಡುತ್ತಿದ್ದ ನೀಲಿ ಅಂಗಿಯ ಜೇಬಿನ ಮೇಲೆ ಮಾತ್ರ ಹಲ್ಲುಚಕ್ರದ ಚಿತ್ರವೊಂದಿತ್ತು. ಸಂಜೆ ಮೆಹದಿಪಟ್ಟಣಂನಲ್ಲಿ ಬಸ್ಸಿಳಿದು ಅವರು ತಮ್ಮ ಗಲ್ಲಿಯಲ್ಲಿ ನಡೆದುಬರುವಾಗ ಆ ಚಕ್ರ ಅವರಿಗಿಂತ ಒಂದು ಹೆಜ್ಜೆ ಮುಂದೆ ಬರುತ್ತಿತ್ತು. ಗಲ್ಲಿಯ ಜನ ಅವರನ್ನು ಎಂಜಿನಿಯರ್ ಎಂದುಕೊಂಡರು. ಸೂಗಪ್ಪನವರು ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ. ಮರ್ಯಾದೆ ತಾನಾಗಿ ಬಂದಾಗ ಬಾಗಿಲು ಹಾಕಿಕೊಳ್ಳುವಷ್ಟು ಒರಟು ಮನುಷ್ಯರಲ್ಲ ಅವರು.

ಅದು ಹೈದರಾಬಾದಿನ ಕಂಬಕಂಬಕ್ಕೂ ಕಂಪ್ಯೂಟರ್ ಕ್ಲಾಸಿನ ಬೋರ್ಡು ನೇತುಬಿದ್ದಿದ್ದ ಕಾಲ. ಗಲ್ಲಿಯಲ್ಲಿ ಯಾರನ್ನು ಕೇಳಿದರೂ ಮಗ ಸಾಫ್ಟ್‌ವೇರು, ಅಳಿಯ ಸಾಫ್ಟ್‌ವೇರು. ಯಾರಾದರೂ ಸೂಗಪ್ಪನವರನ್ನು ಕೇಳಿದರೆ ಅವರು ಜೇಬು ಸವರಿಕೊಂಡು, “ನಮ್ದು ಹಾರ್ಡ್‌ವೇರ್ ರೀ” ಎನ್ನುತ್ತಿದ್ದರು. ಬೇಳೆ ಗಟ್ಟಿಯಾಗಿಯೇ ಇರುತ್ತದೆ, ಅದು ಸುಳ್ಳಲ್ಲ.

ಊರಾಚೆ ಬಂಡೆ ಸಿಡಿಸಿ ಎಬ್ಬಿಸಿದ ಗಾಜಿನ ಕಟ್ಟಡಗಳಿಗೆ ಹಗಲಿರುಳು ಕರೆಂಟು ಬೇಕಾಗಿತ್ತು. ಅದನ್ನು ಎಲ್ಲಿಂದಲಾದರೂ ತರಬೇಕಲ್ಲ. ಸೂಗಪ್ಪನವರ ಗಲ್ಲಿಯಿಂದ ತಂದರು. ಕರೆಂಟಿಲ್ಲದೆ ಗಲ್ಲಿಯ ಹಳೆ ಬಾವಿಯ ಪಂಪು ಓಡದೆ, ಟಾಕಿಗೆ ನೀರೇರದೆ, ಬೇಸಿಗೆಯ ಹೊತ್ತಿಗೆ ನಲ್ಲಿಗಳು ಬರೀ ಉಸಿರು ಬಿಡತೊಡಗಿದವು. ಕನ್ನಡಿಗರೇ ಹೆಚ್ಚಿದ್ದ ಗಲ್ಲಿಯ ಸಂಘದ ಸಭೆ ಸೇರಿತು. ಸಂಘದ ಸೆಕ್ರೆಟರಿ ರಾಮದಾಸರು ಬೀದರ್ ಕಡೆಯವರು, ನಿವೃತ್ತ ತಹಸೀಲ್ ಗುಮಾಸ್ತರು. ಅಧಿಕಾರ ಹೋದರೂ ಕೆಮ್ಮು ಹೋಗಿರಲಿಲ್ಲ. ಅವರು ಕೆಮ್ಮಿ, “ಎಂಜಿನಿಯರ್ ಸಾಹೇಬ್ರು ಇರೂತನ ನಮಗೇನ ಚಿಂತಿ?” ಎಂದು ಸೂಗಪ್ಪನವರ ಕಡೆ ನೋಡಿದರು.

ಎಲ್ಲರೂ ನೋಡಿದರು. ಸೂಗಪ್ಪನವರು ಬಾಯಿ ತೆರೆದರು, ಏನಾದರೂ ಹೇಳಲೇಬೇಕಾಯಿತು. “ಹಳೀ ಡೀಸೆಲ್ ಎಂಜಿನ್ ಕೂಡ್ಸೋಣ್ರಿ. ಕರೆಂಟಿನ ಹಂಗು ಇರಂಗಿಲ್ಲ” ಎಂದರು. ಚಪ್ಪಾಳೆ ಬಿತ್ತು.

ಹಳೆ ಕಬ್ಬಿಣದ ಬಜಾರಿನಲ್ಲಿ ಗೊಲ್ಲಾಳಪ್ಪನೆಂಬ ಸಿಂದಗಿ ಕಡೆಯ ವ್ಯಾಪಾರಿಯಿದ್ದ. ಸೂಗಪ್ಪನವರು ಅವನ ಅಂಗಡಿಗೆ ಹೋಗಿ, ಎರಡು ದೊಡ್ಡ ಚಕ್ರಗಳ ಒಂದು ಮುದಿ ಎಂಜಿನ್ನಿನ ಸುತ್ತ ಕೈಕಟ್ಟಿಕೊಂಡು ತಿರುಗಿ, ಬೆರಳಿನಿಂದ ಟಕಟಕ ಬಡಿದು, ಕಲ್ಲಂಗಡಿ ಆರಿಸುವವರ ಗಂಭೀರತೆಯಿಂದ “ಇದ ಕೊಡು” ಎಂದರು. ಗೊಲ್ಲಾಳಪ್ಪ ಜೇಬಿನ ಮೇಲಿನ ಚಕ್ರ ನೋಡಿ ಕೈಮುಗಿದ.

ಬಾವಿಯ ಪಕ್ಕ ಎಂಜಿನ್ ಕೂಡಿಸಿ, ಪಂಪಿಗೆ ಬೆಲ್ಟು ಹಾಕಿ, ಕಾಯಿ ಒಡೆದು ಚಾಲೂ ಮಾಡಿದರು. ಎಂಜಿನ್ ಮೊದಲು ಡುಗ್... ಡುಗ್... ಎಂದು ವಯಸ್ಸಿಗೆ ತಕ್ಕಂತೆ ನಡೆಯಿತು. ಆಮೇಲೆ ಡುಗ್‌ಡುಗ್ ಎಂದಿತು. ಆಮೇಲೆ ಡುಗುಡುಗುಡುಗು ಎಂದು ಹುಚ್ಚೆದ್ದು ಕುಣಿಯಿತು. ನೆಲ ನಡುಗಿತು. ಬೆಲ್ಟು ಹಾವಿನಂತೆ ಹಾರಿ ರಾಮದಾಸರ ಹೆಂಡತಿ ಸಾವಿತ್ರಿಬಾಯಿಯವರ ಮಾಳಿಗೆಯ ಮೇಲಿನ ಹಪ್ಪಳಗಳನ್ನು ಒರೆಸಿಕೊಂಡು ಹೋಯಿತು. ಸೂಗಪ್ಪನವರು ದೂರದಿಂದ, “ಏ, ನಿಂದ್ರ! ನಿಂದ್ರ ಅಂತೀನಿ!” ಎಂದು ಗದರಿಸಿದರು. ಅದು ನಿಂತಿತು, ಆದರೆ ಡೀಸೆಲ್ ಮುಗಿದ ಮೇಲೆ.

“ಹೊಸಾ ಜಾಗ, ಒಂದೀಟು ಗಾಬರಿ ಆಗೈತಿ ಅದಕ್ಕ” ಎಂದು ಜನರಿಗೆ ಸಮಾಧಾನ ಹೇಳಿ, ಅವರು ಸೀದಾ ಗೊಲ್ಲಾಳಪ್ಪನ ಅಂಗಡಿಗೆ ಓಡಿದರು.

“ಓಡದ ಏನ ಮಾಡ್ತೈತ್ರಿ? ಅದಕ್ಕ ಗವರ್ನರ್ ಎಲ್ಲೈತಿ?” ಎಂದ ಗೊಲ್ಲಾಳಪ್ಪ. “ಅದನ್ನ ನಾ ಯಾವಾಗೋ ಬಿಚ್ಚಿ ಮಾರೀನಿ.”

“ನನಗ್ಯಾಕ ಹೇಳ್ಲಿಲ್ಲ?”

“ಎಂಜಿನಿಯರ್ ಸಾಹೇಬ್ರು, ಸುತ್ತಾಡಿ ನೋಡಿ ತಗೊಂಡೀರಿ. ನಿಮಗ ನಾ ಹೇಳೂದೇನು?”

“ಗೊತ್ತೈತಿ, ಗೊತ್ತೈತಿ. ಆದ್ರೂ ನಿನ್ನ ಬಾಯಿಲೆ ಒಮ್ಮೆ ಕೇಳೂಣಂತ” ಎಂದರು ಸೂಗಪ್ಪನವರು.

ಗೊಲ್ಲಾಳಪ್ಪ ಅವರ ಎರಡೂ ಕೈಗೆ ಒಂದೊಂದು ಕಬ್ಬಿಣದ ಗುಂಡು ಕೊಟ್ಟ. ಕೈ ಜೋತುಬಿಟ್ಟು ನಿಂತಲ್ಲೇ ಗಿರಗಿರ ತಿರುಗಿರಿ ಎಂದ. ನಡುಬಜಾರಿನಲ್ಲಿ ಸೂಗಪ್ಪನವರು ತಿರುಗಿದರು. ವೇಗ ಏರಿದಂತೆ ಕೈಗಳು ತಾವಾಗಿ ಮೇಲೆದ್ದು ಅಗಲವಾದವು. ಎದುರಿನ ಚಹಾದಂಗಡಿಯ ಗಿರಾಕಿಗಳು ಲೋಟ ಹಿಡಿದು ಎದ್ದು ಬಂದರು.

“ನೋಡ್ರಿ! ಎಂಜಿನ್ ಜೋರಾತಂದ್ರ ಗುಂಡು ಹಿಂಗ ಹೊರಗ ಹಾರ್ತಾವ. ಹಾರಿದ್ರ ಸರಳು ಜಗ್ತೈತಿ, ಸರಳು ಜಗ್ಗಿದ್ರ ಡೀಸೆಲ್ ಕಮ್ಮಿ ಆಕ್ಕೈತಿ. ಈಗ ಸಾವಕಾಶ ತಿರುಗ್ರಿ... ಹಾಂ, ಗುಂಡು ಕೆಳಗ ಬಂದ್ವು. ಡೀಸೆಲ್ ಮತ್ತ ಹೆಚ್ಚಾತು. ಓಡೂದು ತಾನ, ತಡಿಯೂದೂ ತಾನ. ಇದಕ್ಕ ಗವರ್ನರ್ ಅಂತಾರ. ಸೋಮವಾರ ಮುಂಜಾನಿ ಒಂದು ತಂದು ನಾನ ಕೂಡಸ್ತೀನಿ.”

ಸೂಗಪ್ಪನವರು ಮನೆಗೆ ಬಂದಾಗ ತಲೆ ಇನ್ನೂ ತಿರುಗುತ್ತಿತ್ತು. ಹೆಂಡತಿ ಶರಣಬಸಮ್ಮ ಅಂಗಳದಲ್ಲಿ ಖಾಲಿ ಕೊಡಗಳನ್ನು ಬೋರಲು ಹಾಕುತ್ತಿದ್ದರು. “ಏನ್ರೀ, ನೀರ ಸುದ್ದಿ ಏನಾತು?”

“ಚಿಂತಿ ಬಿಡು. ಸೋಮವಾರ ಗವರ್ನರ್ ಬರ್ತೈತಿ. ಅದು ಬಂತಂದ್ರ ಎಲ್ಲಾ ಹದಕ್ಕ ಬರ್ತೈತಿ.”

ಗೋಡೆಯ ಆಚೆ ಸಾವಿತ್ರಿಬಾಯಿಯವರು ಉಳಿದ ಹಪ್ಪಳ ಎಣಿಸುತ್ತಿದ್ದರು. ಎಣಿಕೆ ತಪ್ಪಿತು. ಒಳಗೆ ಓಡಿ ಗಂಡನಿಗೆ ಹೇಳಿದರು.

“ಗವರ್ನರಾ? ಸೂಗಪ್ಪನ ಮನೀಗೆ?” ರಾಮದಾಸರು ಕೆಮ್ಮುವುದನ್ನೇ ಮರೆತರು. “ಏನಂದ ಖರೇ ಹೇಳು.”

“ಗವರ್ನರ್ ಬರ್ತೈತಿ ಅಂದ್ರು.”

“ಬರ್ತೈತಿ? ಬರ್ತಾರ ಅನ್ಲಿಲ್ಲ?”

“ಇಲ್ರೀ. ‘ಅದು ಬಂತಂದ್ರ’ ಅಂದ್ರು. ದನ ಬಂದಂಗ!”

ರಾಮದಾಸರು ಬಹಳ ಹೊತ್ತು ಯೋಚಿಸಿದರು. ಸರ್ಕಾರಿ ನೌಕರಿಯಲ್ಲಿ ಸವೆದ ತಲೆ ಅದು. ಸುಮ್ಮನೆ ತೀರ್ಮಾನಕ್ಕೆ ಬರುವಂಥದ್ದಲ್ಲ. “ಗವರ್ನರ್‌ಗೆ ಏಕವಚನದಾಗ ಅಂತಾನಂದ್ರ,” ಎಂದರು ಕೊನೆಗೆ, “ಚಡ್ಡಿ ದೋಸ್ತನ ಇರಬೇಕು.”

ಮರುದಿನ ಅವರು ಸೂಗಪ್ಪನವರನ್ನು ಬಾವಿಯ ಬಳಿ ಹಿಡಿದರು.

“ಸೂಗಪ್ಪನೋರ, ಗವರ್ನರ್ ಸುದ್ದಿ ಖರೇ ಏನ್ರಿ?”

“ಖರೇನ್ರಿ. ಸೋಮವಾರ ಮುಂಜಾನಿ.”

“ನಿಮಗ ಹೆಂಗ ಪರಿಚಯ?”

“ಗೊಲ್ಲಾಳಪ್ಪ ಅಂತ ಅದಾನ್ರಿ. ಅಂವ ಎಂಥೆಂಥಾ ಗವರ್ನರ್ ನೋಡ್ಯಾನ! ಅವನ ಅಂಗಡಿ ಮೂಲ್ಯಾಗ ಹಳೀವು ಸುಮಾರು ಬಿದ್ದಾವ. ತುಕ್ಕ ಹಿಡದಾವ, ಯಾರೂ ಕೇಳಂಗಿಲ್ಲ.”

ರಾಮದಾಸರು ನಿಟ್ಟುಸಿರು ಬಿಟ್ಟರು. ನಿವೃತ್ತರ ಪಾಡು ಅವರಿಗೆ ಗೊತ್ತಿತ್ತು. “ಬಂದು ಏನ ಮಾಡ್ತಾರ್ರಿ?”

“ಮಾಡೂದೇನೈತ್ರಿ? ಮ್ಯಾಲ ಕೂತು ಗಿರಗಿರ ತಿರುಗೂದು, ಅಷ್ಟ. ಆದ್ರ ಅದು ಇಲ್ಲಾಂದ್ರ ಕೆಳಗಿಂದು ಮನಸಿಗೆ ಬಂದಂಗ ಓಡ್ತೈತಿ.”

ಸಂವಿಧಾನವನ್ನು ಇಷ್ಟು ಚಿಕ್ಕದಾಗಿ ಹೇಳಿದವರನ್ನು ರಾಮದಾಸರು ಕಂಡಿರಲಿಲ್ಲ. ದನಿ ಇಳಿಸಿ ಕೇಳಿದರು: “ಊಟಾ ಗೀಟಾ?”

“ಊಟ ಯಾಕ್ರಿ? ಒಂಚೂರು ಎಣ್ಣಿ ಬಿಟ್ರ ಸಾಕು.”

“ಎಣ್ಣಿ? ಮುಂಜಾಮುಂಜಾನಿ?”

“ಹೌದ್ರಿ, ಚಾಲೂ ಮಾಡೂ ಮುಂದ ಬಿಡಬೇಕು. ಇಲ್ಲಾಂದ್ರ ಕೈಕಾಲು ಬಿಗೀತಾವ.”

ರಾಮದಾಸರು ಸುತ್ತಲೂ ನೋಡಿದರು. “ಈ ಮಾತು ಇಲ್ಲೇ ಇರಲಿ, ಸೂಗಪ್ಪನೋರ. ದೊಡ್ಡವ್ರ ವಿಷಯ” ಎಂದು ಪಿಸುಗುಟ್ಟಿ, ಅಲ್ಲಿಂದ ನೇರ ವಾರ್ಡ್ ಆಫೀಸಿಗೆ ನಡೆದರು.

ವಾರ್ಡ್ ಆಫೀಸಿನ ಎಂಜಿನಿಯರ್ ಭೂಮಯ್ಯನವರು ಸಂಜೆಯೇ ಸ್ಕೂಟರಿನಲ್ಲಿ ಬಂದಿಳಿದರು. ಗಲ್ಲಿಯ ಗುಂಡಿಗಳ ಬಗ್ಗೆ ಜನ ವರ್ಷಗಟ್ಟಲೆ ಅರ್ಜಿ ಕೊಟ್ಟಾಗ ದಾರಿ ಸಿಗದವರಿಗೆ ಆ ದಿನ ದಾರಿ ಸರಾಗ ಸಿಕ್ಕಿತು. ಭೂಮಯ್ಯನವರದು ತೆಲುಗು. ಮನೆ ದಾಟಿದ ಕೂಡಲೇ ತೆಲುಗೋ ಹಿಂದಿಯೋ ಆಡುವುದು ಗಲ್ಲಿಯ ಕನ್ನಡಿಗರ ರೂಢಿ. ಸೂಗಪ್ಪನವರು ತಮ್ಮ ಶಕ್ತಿಯಿದ್ದಷ್ಟು ತೆಲುಗಿನಲ್ಲಿ, “ಗವರ್ನರ್ ಸೋಮವಾರಂ ವಸ್ತುಂದಿ” ಎಂದರು.

ಇಲ್ಲಿ ಸ್ವಲ್ಪ ವ್ಯಾಕರಣ ಹೇಳಲೇಬೇಕು. ತೆಲುಗಿನಲ್ಲಿ ‘ವಸ್ತುಂದಿ’ ಎಂದರೆ ಬರುತ್ತದೆ. ವಸ್ತುವಿಗೂ ಅದೇ, ಹೆಂಗಸಿಗೂ ಅದೇ. ಗವರ್ನರ್ ವಸ್ತುವಲ್ಲ ಎಂಬಷ್ಟು ಭೂಮಯ್ಯನವರಿಗೆ ಗೊತ್ತಿತ್ತು. ಹಾಗಾದರೆ ಹೆಂಗಸು. ಸರ್ಕಾರ ಸದ್ದಿಲ್ಲದೆ ಗವರ್ನರನ್ನು ಬದಲಿಸಿದೆ! ಅವರು ಓಡಿಹೋಗಿ ಮೇಲಿನ ಆಫೀಸಿಗೆ ಫೋನು ಮಾಡಿದರು. ಅಂಥ ಭೇಟಿಯೇ ಇಲ್ಲವೆಂದರು. ಮತ್ತೊಂದು ಕಡೆ ಕೇಳಿದರು. ಅಲ್ಲೂ ಇಲ್ಲವೆಂದರು. ಭೂಮಯ್ಯನವರು ಫೋನಿಟ್ಟರು. ಎಲ್ಲರೂ ಇಷ್ಟು ಖಡಾಖಂಡಿತವಾಗಿ ಇಲ್ಲವೆನ್ನುತ್ತಾರೆಂದರೆ ಅದು ಗುಪ್ತ ಭೇಟಿಯೇ ಸರಿ.

ಆಮೇಲೆ ಗಲ್ಲಿಯಲ್ಲಿ ನಡೆದದ್ದನ್ನು ನೋಡಿದವರು ಇಂದಿಗೂ ಕಣ್ಣುಜ್ಜಿಕೊಳ್ಳುತ್ತಾರೆ. ಡಾಂಬರಿನ ಲಾರಿ ಬಂತು. ರೋಡ್ ರೋಲರ್ ಬಂತು. ಬಾಯ್ತೆರೆದಿದ್ದ ಗಟಾರಿಗೆ ಕಲ್ಲುಚಪ್ಪಡಿ ಬಿತ್ತು. ಕಂಬಗಳಿಗೆ ದೀಪ, ಮರಗಳಿಗೆ ಸುಣ್ಣ. ಸುಣ್ಣ ಬಳಿಯುವವರ ಉತ್ಸಾಹಕ್ಕೆ ಸಿಕ್ಕಿ, ಮಲಗಿದ್ದ ಎಮ್ಮೆಯೊಂದಕ್ಕೂ ಎರಡು ಪಟ್ಟೆ ಬಿತ್ತು. ಎಲ್ಲಕ್ಕಿಂತ ದೊಡ್ಡ ಆಶ್ಚರ್ಯವೆಂದರೆ ಕರೆಂಟು ಬಂದದ್ದು. ಬಂದದ್ದು ಹೋಗಲೇ ಇಲ್ಲ. ಆದರೆ ಪಂಪಿನ ಮೋಟಾರನ್ನು ಎಂಜಿನ್ನಿಗೆ ಜಾಗ ಮಾಡಲು ಸೂಗಪ್ಪನವರೇ ಬಿಚ್ಚಿಸಿ ಹಾಕಿದ್ದರಿಂದ ನೀರು ಮಾತ್ರ ಇಲ್ಲ.

ಸೂಗಪ್ಪನವರು ಹೊಸ ರಸ್ತೆಯ ಮೇಲೆ ನಿಂತು ಗದ್ಗದಿತರಾದರು. “ನೋಡ್ದೇನು? ಗವರ್ನರ್‌ಗೆ ಕುಲುಕ ಬೀಳಬಾರ್ದಂತ ರಸ್ತೆನ ಮಾಡ್ಯಾರ. ಮಷೀನಿನ ಬೆಲಿ ಈ ಜನಕ್ಕ ಗೊತ್ತೈತಿ” ಎಂದು ಹೆಂಡತಿಗೆ ಹೇಳಿದರು.

“ಒಂದು ಕಬ್ಬಿಣದ ತುಂಡಿಗೆ ಇಷ್ಟೆಲ್ಲಾ ಯಾಕ್ರೀ?” ಎಂದರು ಶರಣಬಸಮ್ಮ. ಗಲ್ಲಿಯಲ್ಲಿ ಆ ಪ್ರಶ್ನೆ ಕೇಳಿದವರು ಅವರೊಬ್ಬರೇ.

ಗಲ್ಲಿಯ ಕೊನೆಯಲ್ಲಿ ಏಳುತ್ತಿದ್ದ ಅಪಾರ್ಟ್‌ಮೆಂಟಿನ ಪಕ್ಕ ಗಾರೆ ಕೆಲಸದವರ ತಗಡಿನ ಜೋಪಡಿಗಳಿದ್ದವು. ದೇವದುರ್ಗದ ಕಡೆಯಿಂದ ಬಂದ ದ್ಯಾವಪ್ಪ, ಅವನ ಹೆಂಡತಿ ಅನ್ನಮ್ಮ ಮತ್ತು ಅವರ ಊರಿನ ಒಂದಷ್ಟು ಜನ ಅಲ್ಲಿದ್ದರು. ಭೂಮಯ್ಯನವರು ಅವುಗಳ ಮುಂದೆ ಉದ್ದಕ್ಕೂ ಹಸಿರು ಬಟ್ಟೆಯ ಪರದೆ ಕಟ್ಟಿಸಿದರು. ರಾಮದಾಸರು ಕನ್ನಡದಲ್ಲಿ ಬಿಡಿಸಿ ಹೇಳಿದರು: “ಸೋಮವಾರ ಯಾರೂ ಹೊರಗ ಬರಬ್ಯಾಡ್ರಿ. ದೊಡ್ಡವ್ರು ಬರಾಕತ್ತಾರ. ನೀವು ಕಣ್ಣಿಗೆ ಬೀಳಬಾರ್ದು.”

“ನಾವೇನ ಅವ್ರ ಕಣ್ಣಾಗ ಬೀಳಾಕ ಕಸ ಏನ್ರಿ ಎಪ್ಪಾ?” ಎಂದಳು ಅನ್ನಮ್ಮ. “ನೋಡಬಾರ್ದಂದ್ರ ಅವ್ರಿಗೆ ಕಣ್ಣ ಮುಚ್ಗೊಂಡು ಹೋಗಾಕ ಹೇಳ್ರಿ.”

ದ್ಯಾವಪ್ಪ ಅವಳ ಸೆರಗು ಜಗ್ಗಿದ. ಪರದೆಯ ಬಟ್ಟೆ ಒಳ್ಳೆಯ ಗಟ್ಟಿ ಬಟ್ಟೆ ಎಂಬುದನ್ನು ಅವಳು ಆಗಲೇ ಮುಟ್ಟಿ ನೋಡಿದ್ದಳು.

ಸೋಮವಾರ ಬಂತು. ಗಲ್ಲಿಯ ಬಾಯಿಗೆ ಬಾಳೆಕಂಬ, ಮಾವಿನ ತೋರಣ, ಒಂದು ಬಾಜಾ ಮೇಳ. ಕಂಪ್ಯೂಟರ್ ಕ್ಲಾಸಿನವರು “ಮಾನ್ಯ ಗವರ್ನರ್ ಮೇಡಂ ಅವರಿಗೆ ಸುಸ್ವಾಗತ” ಎಂಬ ಬ್ಯಾನರನ್ನು ಮೂರು ಭಾಷೆಗಳಲ್ಲಿ ಕಟ್ಟಿದ್ದರು. ರಸ್ತೆಯ ಎರಡೂ ಬದಿಗೆ ಭೂಮಯ್ಯನವರು ಗುಟ್ಟಾಗಿ ಹೇಳಿ ಕರೆಸಿದ್ದ ಮಹಿಳಾ ಪೊಲೀಸರು ನಿಂತಿದ್ದರು. ಸಾವಿತ್ರಿಬಾಯಿಯವರ ಕೈಯಲ್ಲಿ ಆರತಿ ತಟ್ಟೆ, ಅದರಲ್ಲಿ ಸುಲ್ತಾನ್ ಬಜಾರಿನಿಂದ ತಂದ ಕುಪ್ಪಸದ ಬಟ್ಟೆ, ಹಸಿರು ಬಳೆ. ರಾಮದಾಸರ ಕೋಟಿನ ಒಳಜೇಬಿನಲ್ಲಿ, ಬಿಗಿಯುವ ಕೈಕಾಲಿಗೆಂದು, ಕಾಗದ ಸುತ್ತಿದ ಒಂದು ಚಪ್ಪಟೆ ಬಾಟಲಿ. ಮೇಡಂ ಎಂದು ತಿಳಿದ ಮೇಲೆ ಅವರಿಗೆ ಸಂಕಟವಾಗಿತ್ತು. ಆದರೂ ಅತಿಥಿಯ ಅಭ್ಯಾಸವನ್ನು ಪ್ರಶ್ನಿಸುವುದು ತಮ್ಮ ಕೆಲಸವಲ್ಲವೆಂದು ಇಟ್ಟುಕೊಂಡಿದ್ದರು.

ಬ್ಯಾನರಿನ ಕಡೆ ನೋಡಿದ ಸೂಗಪ್ಪನವರಿಗೆ ‘ಮೇಡಂ’ ಏಕೆ ಬಂತೆಂದು ತಿಳಿಯಲಿಲ್ಲ. ಹಡಗಿಗೂ ಹೆಣ್ಣೆಂದು ಕರೆಯುತ್ತಾರೆಂದು ಎಲ್ಲೋ ಕೇಳಿದ್ದರು. ಗವರ್ನರ್‌ಗೂ ಹಾಗೇ ಇರಬೇಕೆಂದು ಸುಮ್ಮನಾದರು.

ಬಿಸಿಲೇರಿತು. ಕಾರು ಬರಲಿಲ್ಲ. ಬದಲಿಗೆ ಹೊಗೆ ಉಗುಳುತ್ತಾ ಒಂದು ಟ್ರಾಲಿ ಆಟೋ ಗಲ್ಲಿಗೆ ತಿರುಗಿತು. ಹಿಂದೆ ಗೋಣಿಚೀಲವನ್ನು ತಬ್ಬಿಕೊಂಡು ಗೊಲ್ಲಾಳಪ್ಪ ಕೂತಿದ್ದ. ಬಂದೋಬಸ್ತಿನ ಸಬ್ ಇನ್‌ಸ್ಪೆಕ್ಟರ್ ಲಾಠಿ ಅಡ್ಡ ಹಿಡಿದು ಚೀಲದಲ್ಲೇನಿದೆ ಎಂದು ಕೇಳಿದ.

“ಕ್ಯಾ ಹೈ ಇಸ್ಮೇ?”

“ಗವರ್ನರ್ ಹೈ, ಸಾಬ್.”

ಇನ್‌ಸ್ಪೆಕ್ಟರನ ಬಾಯಿಂದ ಸೀಟಿ ಕೆಳಗೆ ಬಿತ್ತು. ರಾಮದಾಸರು ಜನರನ್ನು ನೂಕಿಕೊಂಡು ಮುಂದೆ ಬಂದರು. “ಏನಂದಿ? ಗವರ್ನರ್ ಎಲ್ಲಿ?”

“ಚೀಲದಾಗ ಐತ್ರಿ” ಎಂದ ಗೊಲ್ಲಾಳಪ್ಪ, ಇಷ್ಟು ಜನ ತನಗಾಗಿ ಸೇರಿದ್ದು ಕಂಡು ಹುರುಪಿನಿಂದ. “ತರಾಕ ತ್ರಾಸ ಆಕ್ಕೈತಂತ ಎರಡೂ ಕೈ ಬಿಚ್ಚೀನಿ. ತಲಿ ಬ್ಯಾರೆ ಬುಟ್ಟ್ಯಾಗ ಐತಿ. ಇಲ್ಲೇ ಜೋಡಸ್ತೀನಿ, ಗಾಬರಿ ಆಗಬ್ಯಾಡ್ರಿ.”

ಸಾವಿತ್ರಿಬಾಯಿಯವರ ಕೈಯಿಂದ ಆರತಿ ತಟ್ಟೆ ಜಾರಿತು. ಇಬ್ಬರು ಪೊಲೀಸರು ಗೊಲ್ಲಾಳಪ್ಪನ ಹೆಗಲು ಹಿಡಿದರು. ಇನ್‌ಸ್ಪೆಕ್ಟರ್ ಮುಖ ಆಚೆ ತಿರುಗಿಸಿಕೊಂಡು ಚೀಲದ ಬಾಯಿ ಬಿಚ್ಚಿದ. ಠಣ್ಣೆಂದು ಎರಡು ಕಬ್ಬಿಣದ ಗುಂಡುಗಳು ಹೊಸ ಡಾಂಬರಿನ ಮೇಲೆ ಉರುಳಿ ಭೂಮಯ್ಯನವರ ಬೂಟಿಗೆ ಬಡಿದು ನಿಂತವು.

“ಬಂತು!” ಎಂದು ಸೂಗಪ್ಪನವರೊಬ್ಬರೇ ಚಪ್ಪಾಳೆ ತಟ್ಟಿದರು.

ಆಮೇಲೆ ಅವರ ಚಪ್ಪಾಳೆಯೂ ನಿಂತಿತು. ಅವರು ಬ್ಯಾನರನ್ನು ನೋಡಿದರು, ಪೊಲೀಸರನ್ನು ನೋಡಿದರು, ರಾಮದಾಸರ ಮುಖ ನೋಡಿದರು. ತಮ್ಮ ಎಂಜಿನ್ನಿಗಾಗಿ ಊರು ಇಷ್ಟು ಮಾಡಲಿಲ್ಲ ಎಂಬುದು ನಿಧಾನವಾಗಿ ಅವರ ಒಳಗಿಳಿಯಿತು. ಜೇಬಿನ ಚಕ್ರದ ಮೇಲೆ ಕೈ ಮುಚ್ಚಿಕೊಂಡರು.

“ಸೂಗಪ್ಪ!” ರಾಮದಾಸರು ಬಹುವಚನ ಬಿಟ್ಟರು. “ಇದನ್ನ ಗವರ್ನರ್ ಅಂದ್ಯಾ?”

“ಮತ್ತೇನಂತಾರ್ರಿ ಇದಕ್ಕ? ನಾ ಮದ್ಲಿಂದ ಬರ್ತೈತಿ, ಬರ್ತೈತಿ ಅಂತನ ಅಂದೀನಿ. ಬರ್ತಾರ ಅಂದಿದ್ರ ಕೇಳ್ರಿ!”

ಇನ್‌ಸ್ಪೆಕ್ಟರ್ ಎಲ್ಲರನ್ನೂ ಜೀಪು ಹತ್ತಿಸುತ್ತೇನೆಂದ. ಜನ ನಗುವುದೋ ಓಡುವುದೋ ತಿಳಿಯದೆ ನಿಂತರು. ಆಗ ಭೂಮಯ್ಯನವರಲ್ಲಿ ಇಪ್ಪತ್ತು ವರ್ಷದ ಸರ್ಕಾರಿ ಅನುಭವ ಎಚ್ಚರಗೊಂಡಿತು. ಗವರ್ನರ್ ಬರಲಿಲ್ಲವೆಂದರೆ ರಸ್ತೆ ಯಾರಪ್ಪಣೆಯಿಂದ ಆಯಿತೆಂದು ಕೇಳುತ್ತಾರೆ. ಇನ್‌ಸ್ಪೆಕ್ಟರನ ಬಂದೋಬಸ್ತೂ ಯಾರಪ್ಪಣೆಯಿಂದ ಎಂದು ಕೇಳುತ್ತಾರೆ. ಅವರು ಇನ್‌ಸ್ಪೆಕ್ಟರನ ಕಿವಿಯಲ್ಲಿ ಇದನ್ನೇ ಹೇಳಿದರು. ಇನ್‌ಸ್ಪೆಕ್ಟರ್ ಲಾಠಿ ಕಂಕುಳಲ್ಲಿ ಇಟ್ಟುಕೊಂಡ. ಭೂಮಯ್ಯನವರು ಬಗ್ಗಿ ಎರಡೂ ಗುಂಡುಗಳನ್ನೆತ್ತಿ, ಕರವಸ್ತ್ರದಿಂದ ಒರೆಸಿ, ತಂದಿದ್ದ ಹಾರವನ್ನು ಅವುಗಳಿಗೇ ಹಾಕಿದರು.

“ಗವರ್ನರ್ ವಚ್ಚಾರು” ಎಂದು ಘೋಷಿಸಿದರು. ಬಂದರು ಎಂದು, ಪೂರ್ಣ ಗೌರವದೊಂದಿಗೆ.

ಬಾಜಾ ಬಾರಿಸುವವರು ಕಾಯುತ್ತಿದ್ದದ್ದು ಅದನ್ನೇ. ಮೆರವಣಿಗೆಯಲ್ಲಿ ಗವರ್ನರನ್ನು ಬಾವಿಗೆ ಒಯ್ದರು. ಗೊಲ್ಲಾಳಪ್ಪ ಕೈ, ತಲೆ, ಸರಳು ಎಲ್ಲ ಜೋಡಿಸಿ ಎಣ್ಣೆ ಬಿಡಲು ಕೇಳಿದ. ರಾಮದಾಸರ ಕೈ ತಾನಾಗಿ ಒಳಜೇಬಿಗೆ ಹೋಗಿ ಹಿಂದೆ ಬಂತು. ಸೂಗಪ್ಪನವರು ಎಣ್ಣೆಡಬ್ಬಿ ಹಿಡಿದರು. ಕ್ಯಾಂಟೀನಿನ ಎಣ್ಣೆ ಅಳೆದೂ ಅಳೆದೂ ಆ ವಿದ್ಯೆಯಲ್ಲಿ ಅವರು ನಿಪುಣರೇ.

ಎಂಜಿನ್ ಡುಗ್ ಎಂದಿತು. ಡುಗ್‌ಡುಗ್ ಎಂದಿತು. ಡುಗುಡುಗು ಎನ್ನುತ್ತಿದ್ದಂತೆ ಜನರೆಲ್ಲ ಹಿಂದೆ ಸರಿದರು. ಗುಂಡುಗಳು ತೋಳು ಚಾಚಿ ಮೇಲೆದ್ದವು, ಸರಳು ಹಿಂದಕ್ಕೆ ಜಗ್ಗಿತು, ಸದ್ದು ತಗ್ಗಿತು. ಗುಂಡುಗಳು ಕೊಂಚ ಇಳಿದವು, ಮತ್ತೆ ಕೊಂಚ ಏರಿದವು. ಆಮೇಲೆ ಡುಗ್, ಡುಗ್, ಡುಗ್ ಎಂದು ಒಂದೇ ಹದಕ್ಕೆ ನಿಂತಿತು. ಟಾಕಿ ತುಂಬಿತು. ಬಾವಿಕಟ್ಟೆಯ ನಲ್ಲಿ ಕೆಮ್ಮಿ, ಕೆಂಪಗೆ ಉಗುಳಿ, ತಿಳಿನೀರು ಸುರಿಸಿತು.

ಮೊದಲ ಕೊಡ ಅನ್ನಮ್ಮನದಾಗಿತ್ತು. ಪರದೆಯ ಹಿಂದಿನಿಂದ ಯಾವಾಗ ಬಂದಳೋ ಯಾರಿಗೂ ತಿಳಿಯದು.

“ಏ, ಸಂಘದವ್ರು ಮದ್ಲು!” ಎಂದರು ರಾಮದಾಸರು.

“ನಾವಿಲ್ಲಿ ಇಲ್ಲಲ್ರಿ ಎಪ್ಪಾ. ನೀವ ಮುಚ್ಚೀರಿ” ಎಂದಳು ಅನ್ನಮ್ಮ. “ಇಲ್ಲದವ್ರ ಕೊಡ ನಿಮ್ಮ ಕಣ್ಣಿಗೆ ಹೆಂಗ ಬಿತ್ತು?”

ರಾಮದಾಸರಿಗೆ ಕೆಮ್ಮು ಬಂತು. ಅವರ ಕೆಮ್ಮು ಮುಗಿಯುವ ಮೊದಲೇ ಶರಣಬಸಮ್ಮ ಮುಂದೆ ಬಂದು ಅನ್ನಮ್ಮನ ಕೊಡವನ್ನು ನಲ್ಲಿಯ ಕೆಳಗೆ ಸರಿಯಾಗಿ ಇಟ್ಟು, ಅದು ತುಂಬುವವರೆಗೂ ಕೈ ತೆಗೆಯಲಿಲ್ಲ.

ಮೇಲಿನ ಆಫೀಸಿನಿಂದ ಭೂಮಯ್ಯನವರಿಗೆ ಬುಲಾವು ಬಂತು. ಗವರ್ನರ್ ಬಂದು ಹೋದರಂತೆ, ನಮಗೇ ಗೊತ್ತಿಲ್ಲವಲ್ಲ ಎಂದು ದೊಡ್ಡ ಸಾಹೇಬರು ಕೇಳಿದರು. ಗುಪ್ತ ಭೇಟಿ ಎಂದರು ಭೂಮಯ್ಯನವರು. ಗವರ್ನರ್ ಏನು ಹೇಳಿದರು ಎಂದು ಸಾಹೇಬರು ಕೇಳಿದರು. ಏನೂ ಹೇಳಲಿಲ್ಲ, ಸುಮ್ಮನೆ ಸುತ್ತು ಹಾಕಿದರು ಎಂದರು. ಯಾರಿಂದಲಾದರೂ ದೂರು ಕೇಳಿದರೇ? ಇಲ್ಲ. ಯಾವುದಕ್ಕಾದರೂ ಸಹಿ? ಇಲ್ಲ. ದೊಡ್ಡ ಸಾಹೇಬರಿಗೆ ಸಂಶಯಪಡಲು ಯಾವ ಕಾರಣವೂ ಕಾಣಲಿಲ್ಲ. ಕಡತ ಮುಚ್ಚಿದರು.

ಕರೆಂಟು ಆ ಸೋಮವಾರ ಸಂಜೆಯೇ ಹೋಗಿತ್ತು. ಎಂಜಿನ್ ಮಾತ್ರ ಓಡುತ್ತಲೇ ಇತ್ತು. ಸೂಗಪ್ಪನವರು ನಾಚಿಕೆಯಿಂದ ಕೆಲವು ದಿನ ಮನೆಯ ಹಿಂಬಾಗಿಲಿನಿಂದ ಓಡಾಡಿದರು. ಸಾವಿತ್ರಿಬಾಯಿಯವರು ಅವರನ್ನು ಕಂಡಾಗಲೆಲ್ಲ ಸೆರಗು ಬಾಯಿಗೆ ಒತ್ತಿಕೊಳ್ಳುತ್ತಿದ್ದರು.

ಒಂದು ಭಾನುವಾರ ಬೆಳಿಗ್ಗೆ ಬಾಗಿಲು ಬಡಿದ ಸದ್ದಾಯಿತು. ಪಕ್ಕದ ಗಲ್ಲಿಯ ಸಂಘದ ಅಧ್ಯಕ್ಷ ಗುರುಬಸವ ಅವರು ಶಾಲು, ಹಾರ, ಹಣ್ಣಿನ ಬುಟ್ಟಿ ಹಿಡಿದು ನಿಂತಿದ್ದರು. ಹಿಂದೆ ಅವರ ಗಲ್ಲಿಯ ಹಿರಿಯರು. ಎಲ್ಲರ ಪ್ಯಾಂಟಿಗೂ ಮೊಣಕಾಲಿನವರೆಗೆ ಕೆಸರು.

“ಸೂಗಪ್ಪನೋರ, ನಮ್ಮ ಗಲ್ಲಿಗೂ ಒಮ್ಮೆ ಗವರ್ನರ್ ಕರೆಸಿಕೊಡ್ರಿ.”

ಸೂಗಪ್ಪನವರ ಮುಖ ಸಣ್ಣದಾಯಿತು. “ನಗಚಾಟಿಗಿ ಮಾಡಬ್ಯಾಡ್ರಿ. ಅದು ಕಬ್ಬಿಣದ್ದು.”

“ಕಬ್ಬಿಣದ್ದ ಬೇಕ್ರಿ ನಮಗ!” ಎಂದರು ಗುರುಬಸವ, ಅವರ ಹೆಗಲಿಗೆ ಶಾಲು ಹೊದಿಸುತ್ತಾ. “ಖರೇ ಗವರ್ನರ್ ಬಂದ್ರ ರಸ್ತಾ ಬಂದ್ ಮಾಡ್ತಾರ. ನಿಮ್ಮ ಗವರ್ನರ್ ಬಂದ್ರ ರಸ್ತಾನ ಮಾಡ್ತಾರ.”

ಸೂಗಪ್ಪನವರು ಶಾಲಿನ ಅಂಚು ಸರಿಪಡಿಸಿಕೊಂಡರು. ಕುರ್ಚಿಯಲ್ಲಿ ಕೂತರು. ಕಾಲಮೇಲೆ ಕಾಲು ಹಾಕಿ, ಛಾವಣಿಯ ಕಡೆ ನೋಡಿದರು.

“ನೋಡೋಣ್ರಿ” ಎಂದರು. “ಈ ವಾರ ಅವ್ರಿಗೆ ಪುರಸೊತ್ತಿಲ್ಲ.”